ಗಡಿ ಮಾಳದ ಹುಲ್ಲು, ಹಕ್ಕಿ, ಚಿಗರಿ

ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ನಳದುರ್ಗದ ಕೋಟೆ ಹಿಂದೆ ಬಿದ್ದ ಮೇಲೆ, ಉಮರ್ಗಾ ಹಾಯ್ದು ಬಸವಕಲ್ಯಾಣದ ಗಡಿ ಮುಟ್ಟುವತನಕ ಬಸ್ಸಿನ ಕಿಟಕಿಗೆ ಕಾಣುವುದು ಸೋಯಾಬೀನ್, ತೊಗರಿ, ಕಬ್ಬು, ನಡುನಡುವೆ ಕಲ್ಲು ಹರಡಿಕೊಂಡ ಬೋಳು ದಿನ್ನೆ. ಹುಲಿ ಬೇಕಾದವರು ತಾಡೋಬಾಕ್ಕೆ ಹೋಗುತ್ತಾರೆ, ಆನೆ ಬೇಕಾದವರು ನಾಗರಹೊಳೆಗೆ. ಇಲ್ಲಿ ಇಳಿದು ಕೊರಳಿಗೆ ದುರ್ಬೀನು ಹಾಕಿಕೊಂಡು ಮಾಳದ ಕಡೆ ನಡೆದವರನ್ನು ಊರವರೇ ನಿಲ್ಲಿಸಿ ಕೇಳುತ್ತಾರೆ: "ಇಲ್ಲೇನದರಿ ನೋಡ್ಲಾಕ? ಬರೀ ಬಯಲದ."

ಕೇಳುವವರ ತಪ್ಪಿಲ್ಲ. ಲಾತೂರ್ ಜಿಲ್ಲೆಯಲ್ಲಿ ಕಾಡು ಶೇಕಡಾ ಒಂದಕ್ಕಿಂತ ಕಡಿಮೆ. ನಿಸರ್ಗ ಅಂದರೆ ಕಾಡು, ಕಾಡು ಅಂದರೆ ಮರ ಎಂದು ಶಾಲೆಯ ಪುಸ್ತಕ ಹೇಳಿಕೊಟ್ಟಿದೆ. ಆ ಲೆಕ್ಕದಲ್ಲಿ ಉಮರ್ಗಾ, ನಿಲಂಗಾ, ಉದಗೀರ ಮೂರೂ ತಾಲ್ಲೂಕು ನಪಾಸು. ಆದರೆ ಈ ಸೀಮೆಯ ಮೂಲ ರೂಪ ಕಾಡಲ್ಲವೇ ಅಲ್ಲ. ಅದು ಹುಲ್ಲಿನ ನಾಡು, ಅಲ್ಲೊಂದು ಇಲ್ಲೊಂದು ಜಾಲಿ, ಬಾರಿ, ಮುತ್ತಲ ನಿಂತ ಕುರುಚಲು ನಾಡು. ಅದಕ್ಕೆ ಒಗ್ಗಿದ ಜೀವಿಗಳು ಬಯಲಿನಲ್ಲೇ ಹುಟ್ಟಿ ಬಯಲಿನಲ್ಲೇ ಅಡಗುವುದನ್ನು ಕಲಿತಿವೆ. ಅವನ್ನು ನೋಡಲು ಕತ್ತೆತ್ತುವುದಕ್ಕಿಂತ ಬಗ್ಗುವುದೇ ಹೆಚ್ಚು ಬೇಕಾಗುತ್ತದೆ.

ಇಂದು ಮಹಾರಾಷ್ಟ್ರದಲ್ಲಿರುವ ಈ ತಾಲ್ಲೂಕುಗಳ ಸಂಬಂಧ ಕನ್ನಡ ನಾಡಿನೊಡನೆ ಹಳೆಯದು. ನಿಜಾಮನ ಹೈದರಾಬಾದ್ ಸಂಸ್ಥಾನದ ಕಾಲದಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಉದಗೀರ, ನಿಲಂಗಾ ಎರಡೂ ಬೀದರ್ ಜಿಲ್ಲೆಯಲ್ಲಿದ್ದವು. ಆಮೇಲೆ ಉಸ್ಮಾನಾಬಾದಿಗೆ ಸೇರಿದವು. 1982ರಲ್ಲಿ ಲಾತೂರ್ ಪ್ರತ್ಯೇಕ ಜಿಲ್ಲೆಯಾದಾಗ ಅತ್ತ ಹೋದವು. ಉಮರ್ಗಾ ಮಾತ್ರ ಉಸ್ಮಾನಾಬಾದಿನಲ್ಲೇ, ಅಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲೇ ಉಳಿಯಿತು. ಗೆರೆ ಬದಲಾದಾಗಲೆಲ್ಲ ಕಚೇರಿಯ ಕಾಗದ ಬದಲಾಯಿತು, ಹುಲ್ಲಿನ ಜಾತಿ ಬದಲಾಗಲಿಲ್ಲ. ಬೀಡ್ ಜಿಲ್ಲೆಯ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟುವ ಮಾಂಜ್ರಾ ಲಾತೂರ್ ದಾಟಿ, ನಿಲಂಗಾ ತಾಲ್ಲೂಕಿನ ಔರಾದ್ ಶಹಾಜಾನಿಯ ಬಳಿ ತೇರಣಾ ನದಿಯನ್ನು ಕೂಡಿಕೊಂಡು ಬೀದರಿಗೆ ಬರುತ್ತದೆ. ಗಡಿ ಲೆಕ್ಕಿಸದೆ ಓಡಾಡುವ ಬೀದರಿನ ಚಿಗರಿ ಹಿಂಡು ಯಾವ ರಾಜ್ಯದ್ದು ಎಂದು ಕೇಳಿದರೆ ಅರಣ್ಯ ಇಲಾಖೆಯೇ ತಡವರಿಸಬೇಕು.

ಈ ಸೀಮೆಯ ಗಿಡಗಳನ್ನು ಮೊದಲು ಕ್ರಮವಾಗಿ ಪಟ್ಟಿ ಮಾಡಿದವರಲ್ಲಿ ಔರಂಗಾಬಾದಿನ ಸಸ್ಯವಿಜ್ಞಾನಿ ವಿ. ಎನ್. ನಾಯಿಕ್ ಮುಖ್ಯರು. ಅವರ 'ದಿ ಫ್ಲೋರಾ ಆಫ್ ಉಸ್ಮಾನಾಬಾದ್' 1979ರಲ್ಲಿ ಬಂತು. ಲಾತೂರ್ ಇನ್ನೂ ಬೇರೆಯಾಗಿರಲಿಲ್ಲವಾದ್ದರಿಂದ ನಮ್ಮ ಮೂರು ತಾಲ್ಲೂಕುಗಳೂ ಆ ಜಿಲ್ಲೆಯೊಳಗೇ ಇದ್ದವು. 1998ರಲ್ಲಿ ಅವರೇ ಇಡೀ ಮರಾಠವಾಡದ ಸಸ್ಯಸಂಪತ್ತನ್ನು ದೊಡ್ಡ ಗ್ರಂಥವಾಗಿ ತಂದರು. ಹಕ್ಕಿಗಳ ಲೆಕ್ಕ ಅದಕ್ಕೂ ಹಿಂದಿನದು. 1931ರಲ್ಲಿ ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ಕೈಗೊಂಡರು. ಕೆಲಸವಿಲ್ಲದೆ ಕೂತಿದ್ದ ಆ ತರುಣನಿಗೆ ದೇಶದ ಪಕ್ಷಿತಜ್ಞನೆಂಬ ಹೆಸರು ಬರಲು ಇಂಥ ಸಮೀಕ್ಷೆಗಳೇ ದಾರಿಯಾದವು.

ಮಾಳ ನೋಡಲು ಯಾವಾಗ ಹೋಗಬೇಕು? ಮಿರಗದ ಮಳೆ ಬಿದ್ದ ಮರುದಿನ ಬೆಳಿಗ್ಗೆ ಎನ್ನುವುದು ಒಳ್ಳೆಯ ಉತ್ತರ. ಜೂನ್ ಮೊದಲ ವಾರ ಮೃಗಶಿರಾ ಹನಿಸಿದೊಡನೆ ನೆಲದಿಂದ ಕಡುಗೆಂಪು ಮಖಮಲ್ಲಿನ ಹುಳಗಳು ಏಳುತ್ತವೆ. ಮಕ್ಕಳು ಕಡ್ಡಿಪೆಟ್ಟಿಗೆಯಲ್ಲಿ ತುಂಬಿಕೊಂಡು ಆಡುವ ಈ ಮಿರಗದ ಹುಳ ಕೀಟವಲ್ಲ. ಎಂಟು ಕಾಲಿನದು, ಜೇಡ ಮತ್ತು ಉಣ್ಣೆಗಳ ಬಳಗದ್ದು. ಮರಿಯಾಗಿದ್ದಾಗ ಮಿಡತೆಯಂಥ ಕೀಟಗಳ ಮೈಗೆ ಅಂಟಿಕೊಂಡು ಬದುಕುತ್ತದೆ, ಬೆಳೆದ ಮೇಲೆ ಗೆದ್ದಲು ಮತ್ತು ಕೀಟಗಳ ಮೊಟ್ಟೆ ತಿನ್ನುತ್ತದೆ. ವರ್ಷದ ಬಹುಪಾಲು ಮಣ್ಣಿನೊಳಗೇ ಇದ್ದು, ನೆಲ ನೆಂದ ಕೆಲವೇ ದಿನ ಮೇಲೆ ಬರುತ್ತದೆ. ಬಿತ್ತನೆಗೆ ಕೂರಿಗೆ ಕಟ್ಟುವ ಹೊತ್ತಿಗೇ ಅದರ ದರ್ಶನ.

ಅದಕ್ಕೂ ಮೊದಲು, ಏಪ್ರಿಲ್–ಮೇ ಬಿಸಿಲಿನಲ್ಲಿ, ಕಲ್ಲಿನ ಮೇಲೆ ಇನ್ನೊಂದು ನಾಟಕ ನಡೆದಿರುತ್ತದೆ. ಗೇಣುದ್ದದ, ಮಣ್ಣುಬಣ್ಣದ ಒಂದು ಓತಿಕೇತ ಎತ್ತರದ ಕಲ್ಲನ್ನೇರಿ ಗಂಟಲ ಕೆಳಗಿನ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚುತ್ತದೆ. ಇದು ಗಂಡು, ಹೆಣ್ಣನ್ನು ಕರೆಯುತ್ತಿದೆ, ಪಕ್ಕದ ಕಲ್ಲಿನ ಗಂಡನ್ನು ಗದರಿಸುತ್ತಿದೆ. ದಖ್ಖನಿನ ಈ ಬೀಸಣಿಗೆ ಓತಿಗಳನ್ನು ಮತ್ತೆ ಪರಿಶೀಲಿಸಿದ ವಿಜ್ಞಾನಿಗಳು 2016ರಲ್ಲಿ ಅವುಗಳಲ್ಲಿ ಕೆಲವನ್ನು 'ಸರಡಾ' ಎಂಬ ಹೊಸ ಕುಲಕ್ಕೇ ಸೇರಿಸಿದರು. ಹೊಸ ಕುಲವೆಂದರೆ ಸಣ್ಣ ಮಾತಲ್ಲ. ಕುರಿ ಕಾಯುವವರು ದಿನಾ ದಾಟುವ ಕಲ್ಲುಗಳ ಮೇಲಿನ ಪ್ರಾಣಿಗೆ ವಿಜ್ಞಾನ ಮೊನ್ನೆ ಮೊನ್ನೆ ಸರಿಯಾದ ಮನೆತನ ಹುಡುಕಿಕೊಟ್ಟಿದೆ.

ಮಳೆ ನಿಂತು ಹುಲ್ಲು ತೆನೆಯಾಡುವ ಅಕ್ಟೋಬರ್ ಹೊತ್ತಿಗೆ ಮಾಳದಲ್ಲಿ ನಡೆದವರ ಪ್ಯಾಂಟು, ಸೀರೆಯಂಚು, ಕುರಿಯ ಉಣ್ಣೆಯ ತುಂಬ ಈಟಿಯಂಥ ಬೀಜ ಚುಚ್ಚಿಕೊಳ್ಳುತ್ತದೆ. ಮರಾಠಿಯಲ್ಲಿ ಇದು ಕುಸಳಿ. ಕಿರಿಕಿರಿಯೇನೋ ನಿಜ. ಆದರೆ ಒಂದು ಬೀಜ ಕಿತ್ತು ಅಂಗೈ ಮೇಲಿಟ್ಟು ಎರಡು ಹನಿ ನೀರು ಬಿಡಿ. ತಿರುಚಿಕೊಂಡಿದ್ದ ಅದರ ಉದ್ದನೆಯ ಬಾಲ ನೀರು ಕುಡಿದು ಬಿಚ್ಚಿಕೊಳ್ಳತೊಡಗುತ್ತದೆ, ಬೀಜ ತಿರುಗುತ್ತದೆ. ಒಣಗಿದರೆ ಮತ್ತೆ ತಿರುಚಿಕೊಳ್ಳುತ್ತದೆ. ಬೆಳಗಿನ ಇಬ್ಬನಿ, ಮಧ್ಯಾಹ್ನದ ಬಿಸಿಲು, ಮತ್ತೆ ಇಬ್ಬನಿ: ಹೀಗೆ ದಿನಗಟ್ಟಲೆ ತಿರುಗಿ ತಿರುಗಿ ಬೀಜ ತನ್ನನ್ನು ತಾನೇ ನೆಲಕ್ಕೆ ಕೊರೆದುಕೊಳ್ಳುತ್ತದೆ. ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಸಿಗಲಿಕ್ಕಿಲ್ಲ.

ಮಾಳಕ್ಕೆ ಹೋಗಲು ಆಗದವರು ಊರ ಹೊರಗಿನ ಎಕ್ಕೆ ಗಿಡದ ಮುಂದೆ ಹತ್ತು ನಿಮಿಷ ನಿಂತರೂ ಸಾಕು. ಶನಿವಾರ ಹನುಮಪ್ಪನ ಕೊರಳಿಗೆ ಎಲೆ ಕೊಡುವ ಈ ಗಿಡದ ಹಾಲು ವಿಷ, ದನ ಮೂಸುವುದಿಲ್ಲ. ಆದರೆ ಕಿತ್ತಳೆ ಬಣ್ಣದ 'ಪ್ಲೇನ್ ಟೈಗರ್' ಚಿಟ್ಟೆ ಇದೇ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಅದರ ಪಟ್ಟೆಪಟ್ಟೆ ಹುಳ ವಿಷದ ಎಲೆ ಮೇಯ್ದು, ಆ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಂಡು, ಹಕ್ಕಿಗಳ ನಾಲಿಗೆಗೆ ಕಹಿಯಾಗಿ ಬಚಾವಾಗುತ್ತದೆ. ಹೂವಿಗೆ ಬರುವ ದಪ್ಪ ಕರಿ ದುಂಬಿ ಪರಾಗ ಹೊತ್ತೊಯ್ಯುತ್ತದೆ. ದೇವರು, ಚಿಟ್ಟೆ, ದುಂಬಿ ಮೂವರೂ ಒಂದೇ ಗಿಡದ ಗಿರಾಕಿಗಳು.

ಹಕ್ಕಿಗಳ ವಿಷಯಕ್ಕೆ ಬಂದರೆ, ಈ ಮಾಳಗಳ ನಿಜವಾದ ಒಡೆಯರು ನೆಲದ ಮೇಲೆ ಗೂಡು ಮಾಡುವವರು. ಗಂಡು ನೆಲಗುಬ್ಬಿ ಆಕಾಶಕ್ಕೇರಿ, ರೆಕ್ಕೆ ಮುಚ್ಚಿ, ಸಿಳ್ಳೆ ಹಾಕುತ್ತ ಕಲ್ಲಿನಂತೆ ಬಿದ್ದು, ನೆಲ ಮುಟ್ಟುವ ಮೊದಲೇ ಮತ್ತೆ ಮೇಲೇಳುತ್ತದೆ. ಟಿಟ್ಟಿಭ ಬೆಣಚುಕಲ್ಲುಗಳ ನಡುವೆಯೇ ಮೊಟ್ಟೆಯಿಟ್ಟು, ಹತ್ತಿರ ಬಂದವರ ತಲೆಯ ಮೇಲೆ ಕೂಗಾಡುತ್ತ ದಿಕ್ಕು ತಪ್ಪಿಸುತ್ತದೆ. ಸಣ್ಣ ಜುಟ್ಟಿನ, ಕೆಂಗಂದು ಬಣ್ಣದ ಇನ್ನೊಂದು ಹಕ್ಕಿಯುಂಟು. 1832ರಲ್ಲಿ ದಖ್ಖನಿನ ಹಕ್ಕಿಗಳ ಪಟ್ಟಿ ಪ್ರಕಟಿಸಿದ ಕರ್ನಲ್ ಸೈಕ್ಸನ ಹೆಸರಿನಲ್ಲಿ ಅದನ್ನು 'ಸೈಕ್ಸಸ್ ಲಾರ್ಕ್' ಎನ್ನುತ್ತಾರೆ. ಇದು ದಖ್ಖನ್ ಹಾಗೂ ಮಧ್ಯ ಭಾರತದ ಒಣಸೀಮೆ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ದೂರದ ದೇಶಗಳ ಪಕ್ಷಿಪ್ರೇಮಿಗಳು ದುಡ್ಡು ಖರ್ಚು ಮಾಡಿ ಹುಡುಕಿಕೊಂಡು ಬರುವ ಹಕ್ಕಿ ನಮ್ಮ ಕಡಲೆ ಹೊಲದ ಬದುವಿನ ಮೇಲೆ ಕೂತಿರುತ್ತದೆ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ.

ಸ್ಯಾಂಡ್‌ಗ್ರೌಸ್ ಇನ್ನೊಂದು ಸೋಜಿಗ. ಪಾರಿವಾಳದಷ್ಟಿರುವ ಈ ಹಕ್ಕಿಗಳು ಬೆಳಗಿನ ಹೊತ್ತು ಗುಂಪುಗುಂಪಾಗಿ ಕೆರೆದಂಡೆಗೆ ಬರುತ್ತವೆ. ಗಂಡು ತಾನು ನೀರು ಕುಡಿದು, ಹೊಟ್ಟೆಯ ಗರಿಗಳನ್ನೂ ನೀರಲ್ಲಿ ನೆನೆಸಿಕೊಂಡು ದೂರದ ಮಾಳಕ್ಕೆ ಹಾರುತ್ತದೆ. ಅಲ್ಲಿ ಕಾದ ಮರಿಗಳು ಆ ಗರಿಗಳಿಂದ ನೀರು ಹೀರುತ್ತವೆ. 2016ರ ಏಪ್ರಿಲಿನಲ್ಲಿ ಮಿರಜದಿಂದ ರೈಲಿನಲ್ಲಿ ನೀರು ತರಿಸಿಕೊಂಡ ಲಾತೂರಿನ ಜನಕ್ಕೆ ಈ ಹಕ್ಕಿಯ ಪಾಡು ಬಿಡಿಸಿ ಹೇಳಬೇಕಿಲ್ಲ.

ಚಳಿಗಾಲದಲ್ಲಿ ಪರದೇಶದವರು ಬರುತ್ತಾರೆ. ಕಜಕಸ್ತಾನದ ಹುಲ್ಲುಗಾವಲುಗಳಿಂದ ಹ್ಯಾರಿಯರ್ ಎಂಬ ಗಿಡುಗಗಳು ಬಂದು ಹೊಲಗಳ ಮೇಲೆ ಆಳೆತ್ತರದಲ್ಲಿ ತೇಲುತ್ತ ಮಿಡತೆ ಹಿಡಿಯುತ್ತವೆ, ರಾತ್ರಿ ಮರವೇರದೆ ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ಮಲಗುತ್ತವೆ. ಮಧ್ಯ ಏಷ್ಯಾದ ಗುಲಾಬಿ ಕಬ್ಬಕ್ಕಿಗಳು ಮೋಡದಂತೆ ಬಂದು ಜೋಳದ ತೆನೆಗೆ ಇಳಿದರೆ ಅಟ್ಟಣಿಗೆಯ ಮೇಲಿನ ರೈತ ಕವಣೆ ಬೀಸುತ್ತಾನೆ. ಅದೇ ಹಿಂಡು ಮಿಡತೆ, ಕೀಡೆಗಳನ್ನೂ ತಿನ್ನುತ್ತದೆ. ಫೆಬ್ರವರಿ–ಮಾರ್ಚಿನಲ್ಲಿ ಮುತ್ತಲ ಕೆಂಪಾಗಿ ಹೂಬಿಟ್ಟಾಗ ಮಧು ಕುಡಿಯಲು ಸಾಲುಗಟ್ಟುತ್ತದೆ. ಈಗ ಜೋಳದ ಜಾಗವನ್ನು ಸೋಯಾಬೀನ್ ನುಂಗಿದೆ, ಅಟ್ಟಣಿಗೆಗಳೂ ಅಪರೂಪವಾಗುತ್ತಿವೆ.

ಈ ಎಲ್ಲವನ್ನೂ ನೋಡಲು ಹೇಳಿ ಮಾಡಿಸಿದ ದಿನವೊಂದು ಈ ಸೀಮೆಯ ಪಂಚಾಂಗದಲ್ಲೇ ಇದೆ: ಎಳ್ಳ ಅಮಾವಾಸ್ಯೆ. ಕರ್ನಾಟಕದ ಈ ಹಬ್ಬವನ್ನು ಮರಾಠಿ ನಾಡಿನಲ್ಲಿ ಮುಖ್ಯವಾಗಿ ಲಾತೂರ್, ಧಾರಾಶಿವ ಕಡೆಯವರು ಆಚರಿಸುತ್ತಾರೆ. ಅಲ್ಲಿ ಅದಕ್ಕೆ ವೇಳ ಅಮಾವಾಸ್ಯೆ ಎಂದು ಹೆಸರು. ಅಂದು ಪೇಟೆಯ ಅಂಗಡಿ ಮುಚ್ಚಿ, ರಸ್ತೆ ಭಣಗುಟ್ಟುತ್ತದೆ. ಇಡೀ ಊರೇ ಹೊಲದಲ್ಲಿರುತ್ತದೆ. ಕಣಕಿಯ ಗೂಡು ಕಟ್ಟಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿ, ಭಜ್ಜಿ, ಅಂಬಲಿ ಉಂಡು ಬದುವಿನ ಮರದ ಕೆಳಗೆ ಕೂರುತ್ತಾರೆ. ಹೊಲವೆಂದರೆ ಏಳೆಂಟು ಗುಂಟೆಯ ಉತಾರ ಕಾಗದವಷ್ಟೇ ಆಗಿರುವ ಪೇಟೆಯ ಮಕ್ಕಳೂ ಅಂದು ಅಲ್ಲಿರುತ್ತಾರೆ. ಡಿಸೆಂಬರ್–ಜನವರಿಯ ಆ ಹೊತ್ತು ವಲಸೆ ಹಕ್ಕಿಗಳೆಲ್ಲ ಬಂದು ನೆಲೆಸಿರುವ ಕಾಲ. ಅಜ್ಜ–ಅಜ್ಜಿಯರಿಗೆ ಗೊತ್ತಿರುವ ಹುಲ್ಲಿನ, ಹಕ್ಕಿಯ ಹೆಸರು ಕೇಳಲು ಇದಕ್ಕಿಂತ ಒಳ್ಳೆಯ ದಿನವಿಲ್ಲ. ಊಟದ ನಂತರದ ನಿದ್ದೆಯನ್ನು ಸ್ವಲ್ಪ ಮುಂದೂಡಬೇಕು, ಅಷ್ಟೆ.

ಎಲ್ಲರಿಗೂ ಗೊತ್ತಿರುವ, ಎಲ್ಲರೂ ಜಗಳವಾಡುವ ಪ್ರಾಣಿ ಚಿಗರಿ. ಕೃಷ್ಣಮೃಗ ಎನ್ನುವುದು ಪುಸ್ತಕದ ಹೆಸರು. ಬೀದರಿನ ಔರಾದ, ಭಾಲ್ಕಿ ಕಡೆಯಿಂದ ಉದಗೀರ, ದೇವಣಿ, ನಿಲಂಗಾ ಹೊಲಗಳವರೆಗೆ ಹಿಂಡುಗಳು ಓಡಾಡುತ್ತವೆ. ತಿರುಪಿನ ಕೊಂಬಿನ ಗಂಡು ಬಲಿತಂತೆ ಮೈ ಕಪ್ಪಾಗುತ್ತದೆ. ಬೆದರಿದ ಹಿಂಡು ಒಂದರ ಹಿಂದೊಂದು ಗಾಳಿಯಲ್ಲಿ ನೆಗೆದು ಓಡುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ದೂರದಿಂದಲೇ ಅಪಾಯ ಕಂಡು ಓಡಿ ತಪ್ಪಿಸಿಕೊಳ್ಳುವುದು ಇದರ ಬದುಕಿನ ಉಪಾಯ. ಹಾಗಾಗಿ ದಟ್ಟ ಪೊದೆ ಇದಕ್ಕೆ ಆಗದು, ಬಯಲೇ ಬೇಕು. 1972ರ ವನ್ಯಜೀವಿ ಕಾಯ್ದೆ ಚಿಗರಿಗೆ ಅತ್ಯುನ್ನತ ರಕ್ಷಣೆ ಕೊಟ್ಟಿದೆ. ಆದರೆ ಮೊಳಕೆಯೊಡೆದ ಹೆಸರು, ಕಡಲೆ, ಸೋಯಾ ಹೊಲಕ್ಕೆ ರಾತ್ರಿ ನುಗ್ಗಿದ ಹಿಂಡನ್ನು ಕಾಯುತ್ತ ಚಳಿಯಲ್ಲಿ ಕೂತ ರೈತನಿಗೆ ಅದರ ಚೆಲುವು ಕಾಣದಿದ್ದರೆ ಆಶ್ಚರ್ಯವಿಲ್ಲ. ಪರಿಹಾರದ ಅರ್ಜಿ, ಪಂಚನಾಮೆ, ಓಡಾಟ ಲೆಕ್ಕ ಹಾಕಿದರೆ ಹಾಳಾದ ಬೆಳೆಯ ಮಾತೇ ಬೇಡ ಅನ್ನಿಸುತ್ತದೆ. ಮೇಯಲು ಹುಲ್ಲಿನ ಮಾಳ ಉಳಿದಿದ್ದರೆ ಹೊಲಕ್ಕೆ ಬರುವ ಹಿಂಡು ಕಡಿಮೆಯಾದೀತು. ಚಿಗರಿ ನೋಡಲು ಬರುವ ಪೇಟೆಯವರು ಇದನ್ನು ಮನಸ್ಸಿನಲ್ಲಿಟ್ಟು, ಬಿತ್ತಿದ ಹೊಲ ತುಳಿಯದೆ ದಾರಿಯಲ್ಲೇ ನಿಲ್ಲುವುದು ಕನಿಷ್ಠ ಸೌಜನ್ಯ.

ಆ ಮಾಳ ಏನಾಯಿತು? ಕಂದಾಯದ ಲೆಕ್ಕದಲ್ಲಿ ಅದು ಖರಾಬು, ಪಡ, ಗಾಯರಾಣ. ಊರದನ ಮೇಯಲು ಬಿಟ್ಟ ಜಾಗ. ಈ ಗಾಯರಾಣದ ಹುಲ್ಲಿನ ಮೇಲೇ ಉದಗೀರ–ಬೀದರ್ ಸೀಮೆಯ ದೇವಣಿ ತಳಿಯ ದನ, ಉಸ್ಮಾನಾಬಾದಿ ಮೇಕೆ ಬೆಳೆದು ಹೆಸರಾದವು. ಎಷ್ಟೋ ಕಡೆ ಒತ್ತುವರಿಯಾಯಿತು. ಉಳಿದಲ್ಲಿ 'ಹಸಿರು' ಮಾಡುವ ಉತ್ಸಾಹದಲ್ಲಿ ಗ್ಲಿರಿಸಿಡಿಯಾ ನೆಟ್ಟರು. ಇದು ಅಮೆರಿಕ ಖಂಡದಿಂದ ಬಂದ ಗಿಡ, ಬೇಗ ಬೆಳೆಯುತ್ತದೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಅದರ ನೆರಳಲ್ಲಿ ಹುಲ್ಲು ನಿಲ್ಲುವುದಿಲ್ಲ, ಹುಲ್ಲಿಲ್ಲದಲ್ಲಿ ನೆಲಗುಬ್ಬಿಯೂ ಚಿಗರಿಯೂ ನಿಲ್ಲುವುದಿಲ್ಲ. ಬಳ್ಳಾರಿ ಜಾಲಿಯೂ ಹಾಗೆಯೇ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗುರುತಿಸಿದ ಕಾಂಗ್ರೆಸ್ ಕಸ ಈಗ ಎಲ್ಲರ ಬದುವಿನ ಮೇಲಿದೆ. ಹಾಗಂತ ಹೊರಗಿನದೆಲ್ಲ ವೈರಿಯಲ್ಲ. ಬಾಲಾಘಾಟಿನ ಹೆಮ್ಮೆಯ ಸೀತಾಫಲವೂ ಅಮೆರಿಕದ್ದೇ, ಹುಣಸೆ ಆಫ್ರಿಕಾದ್ದು. ಬಯಲನ್ನು ಮುಚ್ಚಿಬಿಡುವ ಗಿಡ ಯಾವುದು, ಹೊಂದಿಕೊಂಡು ಬಾಳುವ ಗಿಡ ಯಾವುದು ಎಂಬುದಷ್ಟೇ ಪ್ರಶ್ನೆ. ಬೋಳು ಮಾಳ ಕಂಡಲ್ಲೆಲ್ಲ ಸಸಿ ನೆಡುವ ಸಮಾರಂಭ ಪುಣ್ಯದ ಕೆಲಸವೆಂದು ಎಲ್ಲರೂ ಭಾವಿಸಿದ್ದಾರೆ. ಈ ಸೀಮೆಯ ಮಟ್ಟಿಗೆ ಅದು ಬಹಳ ಸಲ ಹಾನಿಯೇ.

ಹುಲ್ಲು ಹೋದರೆ ಏನಾಗುತ್ತದೆ ಎಂಬುದರ ಕಠೋರ ಉದಾಹರಣೆ ಪಕ್ಕದ ಸೊಲ್ಲಾಪುರದಲ್ಲಿದೆ. 1970ರ ದಶಕದಲ್ಲಿ ನನ್ನಜ್ ಎಂಬ ಊರಿನ ಬಳಿ ಬರಗಾಲ ಯೋಜನೆಯಡಿ ದನ ಬಿಡದೆ ಕಾಯ್ದ ಹುಲ್ಲಿನ ತುಂಡುಗಳಲ್ಲಿ ಎರೆಭೂತ ಹಕ್ಕಿಗಳಿರುವುದನ್ನು ಸೊಲ್ಲಾಪುರದ ಬಿ. ಎಸ್. ಕುಲಕರ್ಣಿ ಜಗತ್ತಿಗೆ ತೋರಿಸಿದರು. ಮರಾಠಿಯಲ್ಲಿ ಇದು ಮಾಳಢೋಕ. ಮೀಟರೆತ್ತರದ, ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳಲ್ಲಿ ಒಂದು. 1979ರಲ್ಲಿ ಅಭಯಾರಣ್ಯ ಘೋಷಿಸಿದಾಗ ಅದರ ವಿಸ್ತಾರ 8,496 ಚದರ ಕಿಲೋಮೀಟರ್. ಊರು, ಪೇಟೆ, ಹೊಲಗಳನ್ನೆಲ್ಲ ಒಳಗೊಂಡ ಆ ಗೆರೆ ಜನರಿಗೆ ತೊಡಕಾಯಿತು. ಕೊನೆಗೆ 2012ರಲ್ಲಿ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಗೆರೆ ದೊಡ್ಡದಿದ್ದಾಗಲೂ ಹುಲ್ಲು ಉಳಿಯಲಿಲ್ಲ. ಇಂದು ಅಲ್ಲಿ ಎರೆಭೂತ ಕಾಣುವುದೇ ದೊಡ್ಡ ಸುದ್ದಿ. ಇಡೀ ಜಗತ್ತಿನಲ್ಲಿ ಉಳಿದಿರುವುದು ನೂರೈವತ್ತಕ್ಕೂ ಕಡಿಮೆ, ಬಹುಪಾಲು ರಾಜಸ್ಥಾನದಲ್ಲಿ.

ಗಿಡ ನೋಡುವವರಿಗೆ ಇಲ್ಲಿ 'ಬೇಟ್'ಗಳು ಒಳ್ಳೆಯವು. ಬಯಲಿನ ನಡುವೆ ಒಂಟಿಯಾಗಿ ಎದ್ದ ಗುಡ್ಡಗಳಿವು. ಉದಗೀರ ತಾಲ್ಲೂಕಿನ ದೇವರ್ಜನ್ ಬಳಿಯ ಹತ್ತಿಬೇಟ್‌ನಲ್ಲಿ ಗವಿಗಳಿವೆ, ಗಂಗಾರಾಮ ಮಹಾರಾಜರ ಸಮಾಧಿಯಿದೆ. ಹೈದರಾಬಾದ್ ವಿಮೋಚನೆಯ ಕಾಲದಲ್ಲಿ ರಜಾಕಾರರನ್ನು ಎದುರಿಸಿದವರ ನೆಲೆಯೂ ಅದೇ. ಚಾಕೂರ ತಾಲ್ಲೂಕಿನ ವಡವಳ ನಾಗನಾಥ ಬೇಟ್ ಔಷಧಿ ಗಿಡಗಳಿಗೆ ಪ್ರಸಿದ್ಧ. ಉತ್ತರಾ ಮಳೆಯ ದಿನಗಳಲ್ಲಿ ಅಲ್ಲಿ ಬಂದು ಕೂತರೆ ರೋಗ ಹೋಗುತ್ತದೆಂಬ ನಂಬಿಕೆ ಜನರಲ್ಲಿದೆ. ನಂಬಿಕೆ ಹೇಗೂ ಇರಲಿ, ಆ ಹೊತ್ತು ಗುಡ್ಡ ಹೂಬಿಟ್ಟಿರುವುದಂತೂ ಖರೆ. ಔಷಧಿಯೆಂದು ಬೇರುಸಹಿತ ಕೀಳುವ ಕೈಗಳೂ ಅದೇ ನಂಬಿಕೆಯಿಂದ ಬರುತ್ತವೆ ಎಂಬುದು ಬೇಸರದ ಸಂಗತಿ.

ಕಾಡುಪ್ರಾಣಿಗಳು ಇಲ್ಲಿಂದ ಹೋಗೇಬಿಟ್ಟವು ಎಂದುಕೊಂಡವರಿಗೆ 2024ರ ಡಿಸೆಂಬರಿನಲ್ಲಿ ಅಚ್ಚರಿ ಕಾದಿತ್ತು. ಧಾರಾಶಿವ ಜಿಲ್ಲೆಯ ಯೇಡಶಿ ರಾಮಲಿಂಗ ಘಾಟ್ ಅಭಯಾರಣ್ಯ ಕೇವಲ 22 ಚದರ ಕಿಲೋಮೀಟರಿನ ಪುಟ್ಟ ಜಾಗ. ಅಲ್ಲಿನ ಕ್ಯಾಮೆರಾದಲ್ಲಿ ಗಂಡು ಹುಲಿಯೊಂದರ ಚಿತ್ರ ಸಿಕ್ಕಿತು. ಪಟ್ಟೆ ಹೋಲಿಸಿದಾಗ ಅದು ಯವತ್ಮಾಳದ ಟಿಪೇಶ್ವರದ್ದೆಂದು ತಿಳಿಯಿತು. ನೂರಾರು ಕಿಲೋಮೀಟರ್ ಹೊಲ, ಹಳ್ಳ, ಹೆದ್ದಾರಿ ದಾಟಿ ಬಂದಿತ್ತು. ಅದು ನಡೆದು ಬಂದ ದಾರಿ ಎಂದರೆ ಇವೇ ಬದುಗಳು, ಕುರುಚಲುಗಳು, ನದಿಯ ದಂಡೆಗಳು.

ನೋಡುವ ಕ್ರಮ ಸರಳ. ಸೂರ್ಯ ಹುಟ್ಟುವ ಮೊದಲು ಹೊರಡಿ, ಮಾಸಲು ಬಣ್ಣದ ಬಟ್ಟೆ ಇರಲಿ. ಮಾಳದ ಕಲ್ಲುಗಳ ನಡುವೆ ಫುರ್ಸೆ, ಎರೆಹೊಲದ ಬದುವಿನಲ್ಲಿ ಕೊಳಕುಮಂಡಲ ಇರುವುದರಿಂದ ಗಟ್ಟಿ ಬೂಟು ಬೇಕೇ ಬೇಕು. ಕಾರು, ಬೈಕಿನಲ್ಲಿ ಚಿಗರಿಯ ಬೆನ್ನಟ್ಟಿ ವಿಡಿಯೊ ಮಾಡುವುದು ಕಾನೂನಿಗೂ ವಿರುದ್ಧ, ಗಬ್ಬದ ಹೆಣ್ಣಿಗೆ ಪ್ರಾಣಾಂತಿಕವೂ ಹೌದು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಹೊಸ ಚಾಳಿ ಮರಿ ಮಾಡುವ ಕಾಲದಲ್ಲಿ ತಾಯಿಯನ್ನು ಗೂಡಿನಿಂದ ಎಬ್ಬಿಸುತ್ತದೆ. ಬೇಸಿಗೆಯಲ್ಲಿ ಬದು ಸುಡುವ ರೂಢಿ ಬಿಟ್ಟರೆ ಕೌಜುಗ, ಲಾವಕ್ಕಿಗಳ ಎಷ್ಟೋ ಮೊಟ್ಟೆ ಉಳಿಯುತ್ತವೆ. ದುರ್ಬೀನು ಇಲ್ಲದವರು ಉದಗೀರಿನ ಕೋಟೆಯ ಗೋಡೆಯ ಕೆಳಗೆ ಸಂಜೆ ನಿಲ್ಲಬಹುದು. ಹಾಲಕ್ಕಿ ಗೂಬೆ ಹಗಲು ಮುಗಿಯುವ ಮುನ್ನವೇ ಪೊಟರೆಯಿಂದ ಮುಖ ಹೊರಹಾಕುತ್ತದೆ. ಇದರ ಹೆಸರಲ್ಲಿ ಶಕುನ ಹೇಳುವವರು ಗಡಿಯ ಎರಡೂ ಕಡೆ ಇದ್ದಾರೆ. ಕನ್ನಡದಲ್ಲಿ ಹಾಲಕ್ಕಿ ನುಡಿಯುವವರು, ಮರಾಠಿಯಲ್ಲಿ ಪಿಂಗಳಾ.

ಮಹಾರಾಷ್ಟ್ರ ಸರಕಾರ 2020ರಿಂದ ನವೆಂಬರ್ 5ರಿಂದ 12ರವರೆಗೆ ಪಕ್ಷಿ ಸಪ್ತಾಹ ನಡೆಸುತ್ತಿದೆ. 5ರಂದು ಸೊಲ್ಲಾಪುರದಲ್ಲಿ ಹುಟ್ಟಿದ ಅರಣ್ಯಾಧಿಕಾರಿ, ಲೇಖಕ ಮಾರುತಿ ಚಿತಂಪಲ್ಲಿಯವರ ಜನ್ಮದಿನ, 12ರಂದು ಸಲೀಂ ಅಲಿಯವರದು. ಆ ವಾರ ಶಾಲೆಗಳಲ್ಲಿ ಭಾಷಣ, ಚಿತ್ರಸ್ಪರ್ಧೆ ನಡೆಯುತ್ತವೆ. ಮಕ್ಕಳನ್ನು ಊರ ಮಾಳಕ್ಕೆ ಕರೆದೊಯ್ಯುವ ಶಾಲೆಗಳು ಹೆಚ್ಚಬೇಕು. ಅದರ ಜೊತೆಗೇ ಮಾಡಬಹುದಾದ ಇನ್ನೊಂದು ಕೆಲಸವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಸೀಮೆಯ ಗಿಡ, ಪ್ರಾಣಿ, ತಳಿಗಳ ದಾಖಲೆ ಪುಸ್ತಕ ಇಡಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಹಾಕಿದಾಗ ದೇಶದ ತುಂಬ ಇವು ಅವಸರದಲ್ಲಿ ತಯಾರಾದವು. ಅವುಗಳಲ್ಲಿ ಎಷ್ಟೋ ಮೇಜಿನ ಮೇಲೇ ತುಂಬಿದವು. ಕನ್ನಡ, ಮರಾಠಿ ಎರಡೂ ಆಡುವ ಈ ಗಡಿ ಊರುಗಳ ಪುಸ್ತಕದಲ್ಲಿ ಎರಡೂ ಭಾಷೆಯ ಹೆಸರು, ಯಾವ ಸರ್ವೆ ನಂಬರಿನಲ್ಲಿ ಟಿಟ್ಟಿಭ ಮೊಟ್ಟೆಯಿಡುತ್ತದೆ, ಚಿಗರಿ ಯಾವ ತಿಂಗಳು ಎಲ್ಲಿ ಮೇಯುತ್ತದೆ ಎಂಬುದೆಲ್ಲ ಬರಬೇಕು. ಗಾಳಿಕಂಬಕ್ಕೋ ಸೌರಫಲಕಕ್ಕೋ "ಪಾಳುಬಿದ್ದ ಜಾಗ ಕೊಡಿ" ಎಂದು ಯಾರಾದರೂ ಗ್ರಾಮಸಭೆಗೆ ಬಂದ ದಿನ ಮೇಜಿನ ಮೇಲಿಡಲು ಆ ಪುಸ್ತಕ ಬೇಕಾಗುತ್ತದೆ.